ಎಲ್ಲಕ್ಕೂ ಒಂದೇ ಚಾರ್ಜರ್: ನಿಯಮ ಏನು ಹೇಳುತ್ತದೆ, ಕೊಳ್ಳುವಾಗ ಏನು ನೋಡಬೇಕು

ಹದಿನೈದು ಇಪ್ಪತ್ತು ವರ್ಷದ ಹಿಂದೆ ನೆಂಟರ ಮನೆಗೆ ಹೋದವರು ಚಪ್ಪಲಿ ಬಿಟ್ಟ ಕೂಡಲೇ ಕೇಳುತ್ತಿದ್ದದ್ದು, “ಸಣ್ಣ ಪಿನ್ ಚಾರ್ಜರ್ ಇದೆಯಾ?” ನೋಕಿಯಾ ಒಂದರಲ್ಲೇ ದಪ್ಪ ಪಿನ್, ಸಣ್ಣ ಪಿನ್ ಅಂತ ಎರಡು ಜಾತಿ. ಸ್ಯಾಮ್‌ಸಂಗ್‌ದು ಚಪ್ಪಟೆ, ಸೋನಿ ಎರಿಕ್ಸನ್‌ದು ಇನ್ನೊಂದು ಥರ. ಬಸ್ ಸ್ಟ್ಯಾಂಡ್ ಅಂಗಡಿಗಳಲ್ಲಿ ಒಂದೇ ಚಾರ್ಜರಿಗೆ ಏಳೆಂಟು ಬಾಲ ಇರುವ ಮಾಲು ನೇತಾಡುತ್ತಿತ್ತು.

ಈಗ ಕೇಳುವುದು ಒಂದೇ ಮಾತು: “ಸಿ ಟೈಪಾ?” ಹೌದು ಅಂದರೆ ಎಲ್ಲ ಸರಿಹೋಗಬೇಕು, ಅಲ್ವಾ? ಹೋಗುವುದಿಲ್ಲ. ಪಿನ್ ಸಲೀಸಾಗಿ ಒಳಗೆ ಹೋಗುತ್ತದೆ, ಚಾರ್ಜ್ ಮಾತ್ರ ಆಮೆಗತಿ. ಕೆಲವು ಸಾಮಾನು ಚಾರ್ಜೇ ಆಗುವುದಿಲ್ಲ. ಯಾಕೆಂದರೆ ಸರ್ಕಾರಗಳು ಒಂದು ಮಾಡಿದ್ದು ಫೋನಿನ ತೂತನ್ನು. ಗೋಡೆಗೆ ಚುಚ್ಚುವ ಅಡಾಪ್ಟರ್ ಯಾವುದು, ನಡುವಿನ ಕೇಬಲ್ ಯಾವುದು ಅನ್ನುವುದನ್ನು ಬಹುಪಾಲು ನಮಗೇ ಬಿಟ್ಟಿವೆ. ಆ ಉಳಿದ ಕೆಲಸ ಹೇಗೆ ಮಾಡಿಕೊಳ್ಳಬೇಕು ಅನ್ನುವುದಕ್ಕೆ ಈ ಬರಹ.

ಮೊದಲು ನಿಯಮ ಗೊತ್ತಿರಲಿ

ಈ ವಿಚಾರದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೈ ಹಾಕಿದ್ದು ಯುರೋಪಿಯನ್ ಒಕ್ಕೂಟ. 2009ರಲ್ಲಿ ಅದು ಫೋನ್ ಕಂಪನಿಗಳನ್ನು ಕೂರಿಸಿಕೊಂಡು ಒಂದು ಒಪ್ಪಂದ ಮಾಡಿಸಿತು. ಮೈಕ್ರೋ ಯುಎಸ್‌ಬಿ ಎಲ್ಲರಿಗೂ ಸಾಮಾನ್ಯ ಅಂತ ತೀರ್ಮಾನ. ಆದರೆ ಅದು ಒಪ್ಪಂದ, ಕಾನೂನಲ್ಲ. ಮೂವತ್ತಕ್ಕೂ ಹೆಚ್ಚಿದ್ದ ಚಾರ್ಜರ್ ಜಾತಿಗಳು ಮೂರಕ್ಕೆ ಇಳಿದವು ನಿಜ, ಆ ಮೂರು ಒಂದಾಗಲೇ ಇಲ್ಲ. ಆಪಲ್ 2012ರಲ್ಲಿ ಲೈಟ್ನಿಂಗ್ ಅನ್ನುವ ತನ್ನದೇ ತೂತು ತಂದಿತು. ಬಾಯಿಮಾತಿಗೆ ಬಗ್ಗದವರಿಗೆ ಕಾನೂನೇ ಬೇಕು ಅಂತ ಗೊತ್ತಾಗಲು ಒಕ್ಕೂಟಕ್ಕೆ ಹತ್ತು ವರ್ಷದ ಮೇಲೆ ಹಿಡಿಯಿತು.

2022ರ ಅಕ್ಟೋಬರ್ 4ರಂದು ಯುರೋಪಿನ ಸಂಸತ್ತಿನಲ್ಲಿ ಮತಕ್ಕೆ ಹಾಕಿದಾಗ ಪರವಾಗಿ 602, ವಿರುದ್ಧ 13. ಆ ಕಾನೂನಿನ ಪ್ರಕಾರ 2024ರ ಡಿಸೆಂಬರ್ 28ರಿಂದ ಯುರೋಪಿನ ಮಾರುಕಟ್ಟೆಗೆ ಹೊಸದಾಗಿ ಬರುವ, ವೈರಿನಿಂದ ಚಾರ್ಜ್ ಆಗುವ ಫೋನ್, ಟ್ಯಾಬ್, ಕ್ಯಾಮೆರಾ, ಹೆಡ್‌ಫೋನ್, ಇಯರ್‌ಬಡ್, ಸಣ್ಣ ಸ್ಪೀಕರ್, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್, ಕೀಬೋರ್ಡ್, ಮೌಸ್, ಇ-ರೀಡರ್ ಎಲ್ಲದರಲ್ಲೂ ಟೈಪ್ ಸಿ ತೂತು ಇರಲೇಬೇಕು. ಲ್ಯಾಪ್‌ಟಾಪ್‌ಗಳಿಗೆ 2026ರ ಏಪ್ರಿಲ್ 28ರ ಗಡುವು. ಆಪಲ್ ಕಾಯುತ್ತಾ ಕೂರಲಿಲ್ಲ, 2023ರ ಸೆಪ್ಟೆಂಬರ್‌ನಲ್ಲಿ ಬಂದ ಐಫೋನ್ 15ರಲ್ಲೇ ಲೈಟ್ನಿಂಗ್ ಬಿಟ್ಟು ಟೈಪ್ ಸಿಗೆ ಬಂತು. ಒಂದೊಂದು ದೇಶಕ್ಕೆ ಒಂದೊಂದು ತೂತಿನ ಫೋನು ಮಾಡುವುದು ಯಾವ ಕಂಪನಿಗೂ ಲಾಭವಲ್ಲ. ಹಾಗಾಗಿ ಯುರೋಪಿನಲ್ಲಿ ಆದ ಕಾನೂನಿನ ಫಲ ಹಾಸನದ ಮೊಬೈಲ್ ಅಂಗಡಿಗೂ ಬಂದು ತಲುಪಿತು.

ಈ ಕಾನೂನಿನಲ್ಲಿ ಜನ ಗಮನಿಸದ ಎರಡು ಅಂಶ ಇವೆ. ನನ್ನ ಪ್ರಕಾರ ತೂತಿಗಿಂತ ಇವೇ ಮುಖ್ಯ. ಒಂದು, 15 ವ್ಯಾಟಿಗಿಂತ ಜಾಸ್ತಿ ವೇಗದಲ್ಲಿ ಚಾರ್ಜ್ ಆಗುವ ಸಾಧನ ಯುಎಸ್‌ಬಿ ಪವರ್ ಡೆಲಿವರಿ, ಅಂದರೆ ಪಿಡಿ ಅನ್ನುವ ಸಾಮಾನ್ಯ ಪದ್ಧತಿಯನ್ನು ಒಪ್ಪಲೇಬೇಕು. ಕಂಪನಿ ತನ್ನದೇ ಸ್ವಂತ ಪದ್ಧತಿ ಇಟ್ಟುಕೊಳ್ಳಲಿ, ಪಿಡಿ ಮಾತ್ರ ಬಿಡುವ ಹಾಗಿಲ್ಲ. ಎರಡು, ಚಾರ್ಜರ್ ಬೇಡ ಅನ್ನುವವರಿಗೆ ಚಾರ್ಜರ್ ಇಲ್ಲದ ಪೆಟ್ಟಿಗೆ ಸಿಗಬೇಕು. ಒಳಗೆ ಚಾರ್ಜರ್ ಇದೆಯೋ ಇಲ್ಲವೋ ಅನ್ನುವುದನ್ನು ಪೆಟ್ಟಿಗೆಯ ಮೇಲೆ ಚಿತ್ರದಲ್ಲೇ ತೋರಿಸಬೇಕು. ಜೊತೆಗೆ ಕನಿಷ್ಠ ಎಷ್ಟು ವ್ಯಾಟ್ ಬೇಕು, ಗರಿಷ್ಠ ಎಷ್ಟು ವ್ಯಾಟಿನವರೆಗೆ ಎಳೆಯುತ್ತದೆ ಅನ್ನುವ ಎರಡು ಅಂಕಿ ಹಾಕಬೇಕು.

ನಮ್ಮಲ್ಲಿ ಏನಿದೆ?

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಈ ಮಾತು ಎತ್ತಿತು. ಆ ವರ್ಷದ ನವೆಂಬರ್‌ನಲ್ಲಿ ನಡೆದ ಸಭೆಯಲ್ಲಿ ಸ್ಮಾರ್ಟ್‌ಫೋನ್, ಟ್ಯಾಬ್, ಲ್ಯಾಪ್‌ಟಾಪ್‌ಗಳಿಗೆ ಟೈಪ್ ಸಿ ಇರಲಿ ಅಂತ ಉದ್ಯಮದವರೂ ಒಪ್ಪಿದರು. ಬಟನ್ ಫೋನಿಗೆ ಬೇರೆ ಚಾರ್ಜರ್ ಇರಬಹುದು ಅನ್ನುವ ಮಾತೂ ಬಂತು. ಅದು ಸರಿಯೇ. ಕಡಿಮೆ ಬೆಲೆಯ ಫೋನಿಗೆ ಪ್ರತಿ ಹತ್ತು ರೂಪಾಯಿಯೂ ಲೆಕ್ಕ. 2023ರ ಜನವರಿಯಲ್ಲಿ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋ, ಟೈಪ್ ಸಿಗೆ ಒಂದು ಭಾರತೀಯ ಮಾನಕವನ್ನೇ ಹೊರತಂದಿತು.

ಮಾನಕ ಹೊರಬರುವುದು ಬೇರೆ, ಅದನ್ನು ಕಡ್ಡಾಯ ಮಾಡುವ ಆದೇಶ ಬೇರೆ. ಮಾನಕ ಪ್ರಕಟವಾದ ಮಾತ್ರಕ್ಕೆ ಹಳೆ ತೂತಿನ ಫೋನು ಮಾರುವುದು ಅಪರಾಧವಾಗುವುದಿಲ್ಲ. ಆದರೆ ಇನ್ನೊಂದು ನಿಯಮ ನಮ್ಮಲ್ಲಿ ಬಹಳ ಹಿಂದಿನಿಂದಲೇ ಕಡ್ಡಾಯ ಇದೆ. 2012ರಲ್ಲಿ ಶುರುವಾದ ಕಡ್ಡಾಯ ನೋಂದಣಿ ವ್ಯವಸ್ಥೆಯ ಪ್ರಕಾರ ಇಂಥ ಅಡಾಪ್ಟರ್‌ಗಳನ್ನು ಸುರಕ್ಷತೆಯ ಪರೀಕ್ಷೆ ಮಾಡಿಸಿ ಬಿಐಎಸ್‌ನಲ್ಲಿ ನೋಂದಾಯಿಸದೆ ಮಾರುವಂತಿಲ್ಲ. ಕೊಳ್ಳುವ ನಮಗೆ ತಕ್ಷಣ ಕೆಲಸಕ್ಕೆ ಬರುವುದು ಈ ನಿಯಮವೇ. ಹೇಗೆ ಅಂತ ಕೆಳಗೆ ಹೇಳುತ್ತೇನೆ.

ಹೆಜ್ಜೆ 1: ಮನೆಯಲ್ಲಿರುವುದನ್ನೆಲ್ಲ ಹೊರಗೆ ಹಾಕಿ

ಅಂಗಡಿಗೆ ಓಡುವ ಮೊದಲು ಡ್ರಾಯರ್, ಶೋಕೇಸ್, ಟಿವಿ ಹಿಂದೆ ಇರುವ ಅಡಾಪ್ಟರ್, ಕೇಬಲ್ ಎಲ್ಲ ಮೇಜಿನ ಮೇಲೆ ಸುರಿಯಿರಿ. ಎರಡು ಗುಂಪು ಮಾಡಿ: ಅಡಾಪ್ಟರ್ ಒಂದು ಕಡೆ, ಕೇಬಲ್ ಒಂದು ಕಡೆ. ಕೇಬಲ್ ಅಡಾಪ್ಟರಿಗೇ ಅಂಟಿಕೊಂಡು ಬಂದಿದ್ದರೆ ಅದನ್ನು ಬೇರೆ ಇಡಿ. ಕೇಬಲ್ ತುಂಡಾದ ದಿನ ಅಡಾಪ್ಟರೂ ಕಸವಾಗುವ ವಿನ್ಯಾಸ ಅದು. ಹೊಸದಾಗಿ ಅಂಥದ್ದನ್ನು ಕೊಳ್ಳಬೇಡಿ.

ಇನ್ನೊಂದು ಕಡೆ ಚಾರ್ಜ್ ಮಾಡಬೇಕಾದ ಸಾಮಾನುಗಳ ಪಟ್ಟಿ ಬರೆಯಿರಿ. ಫೋನು ಮಾತ್ರ ಅಲ್ಲ. ಟ್ರಿಮ್ಮರ್, ಟಾರ್ಚು, ಪವರ್ ಬ್ಯಾಂಕ್, ನೆಕ್‌ಬ್ಯಾಂಡ್, ಮಗಳ ಟ್ಯಾಬ್, ಅಪ್ಪನ ಬಟನ್ ಫೋನು ಎಲ್ಲ ಸೇರಲಿ. ಬಹಳ ಮನೆಗಳಲ್ಲಿ ಈ ಹೆಜ್ಜೆಯಲ್ಲೇ ಕೆಲಸ ಮುಗಿಯುತ್ತದೆ. ಬೇಕಾದ್ದು ಮನೆಯಲ್ಲೇ ಇರುತ್ತದೆ.

ಹೆಜ್ಜೆ 2: ಅಡಾಪ್ಟರಿನ ಸಣ್ಣ ಅಕ್ಷರ ಓದಿ

ಅಡಾಪ್ಟರಿನ ಪಿನ್ ಇರುವ ಬದಿಯಲ್ಲೋ ಪಕ್ಕದಲ್ಲೋ ಬೂದು ಬಣ್ಣದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರ ಇರುತ್ತದೆ. ಫೋನಿನ ಕ್ಯಾಮೆರಾದಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಓದಬೇಕಾದ ಸಾಲು ‘ಔಟ್‌ಪುಟ್’.

25 ವ್ಯಾಟಿನ ಒಂದು ಅಡಾಪ್ಟರಿನ ಮೇಲೆ ಹೀಗಿರುತ್ತದೆ: 5 ವೋಲ್ಟ್ 3 ಆಂಪ್, ಅಥವಾ 9 ವೋಲ್ಟ್ 2.77 ಆಂಪ್. ಅದರ ಕೆಳಗೆ ಪಿಪಿಎಸ್ (ಇದೇನು ಅಂತ ಮುಂದಿನ ಹೆಜ್ಜೆಯಲ್ಲಿದೆ) ಅಂತ ಬರೆದು 3.3ರಿಂದ 11 ವೋಲ್ಟ್, 2.25 ಆಂಪ್. ವೋಲ್ಟನ್ನು ಆಂಪಿನಿಂದ ಗುಣಿಸಿದರೆ ವ್ಯಾಟ್. 5ನ್ನು 3ರಿಂದ ಗುಣಿಸಿ, 15. 9ನ್ನು 2.77ರಿಂದ ಗುಣಿಸಿ, ಹತ್ತಿರ ಹತ್ತಿರ 25. ಅಂದರೆ ಫೋನು 5ಕ್ಕಿಂತ ಹೆಚ್ಚಿನ ವೋಲ್ಟ್ ಕೇಳಿದರೆ ಮಾತ್ರ 25 ವ್ಯಾಟ್ ಸಿಗುತ್ತದೆ. ಕೇಳಲು ಬರದಿದ್ದರೆ 15ಕ್ಕೇ ನಿಲ್ಲುತ್ತದೆ, ಕೆಲವೊಮ್ಮೆ ಇನ್ನೂ ಕಡಿಮೆ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 65 ವ್ಯಾಟ್ ಅಂತ ಹಾಕಿ, ಅಡಾಪ್ಟರಿನ ಮೇಲೆ ಬರೀ 5 ವೋಲ್ಟ್ 2.4 ಆಂಪ್ ಅಂತ ಇದ್ದರೆ ಅದು 12 ವ್ಯಾಟಿನ ಮಾಲು. ಲೆಕ್ಕ ಸುಳ್ಳು ಹೇಳುವುದಿಲ್ಲ.

ಇಲ್ಲಿ ಒಂದು ಭಯ ತುಂಬಾ ಜನಕ್ಕಿದೆ: ದೊಡ್ಡ ಅಡಾಪ್ಟರ್ ಹಾಕಿದರೆ ಫೋನು ಸುಟ್ಟುಹೋಗುತ್ತದಾ? ಒಳ್ಳೆಯ ಪಿಡಿ ಅಡಾಪ್ಟರ್ ಆದರೆ ಇಲ್ಲ. ಸಿಕ್ಕಿಸಿದ ಕೂಡಲೇ ಅದು 5 ವೋಲ್ಟ್ ಮಾತ್ರ ಕೊಡುತ್ತದೆ. ಆಮೇಲೆ ನನ್ನ ಹತ್ತಿರ ಇಷ್ಟಿಷ್ಟಿದೆ ಅಂತ ಫೋನಿಗೆ ಪಟ್ಟಿ ಕಳಿಸುತ್ತದೆ. ಫೋನು ತನಗೆ ಬೇಕಾದ್ದನ್ನು ಆರಿಸಿ ಕೇಳಿದ ಮೇಲೆಯೇ ವೋಲ್ಟ್ ಏರುತ್ತದೆ. ಮದುವೆ ಊಟದಲ್ಲಿ ಬಡಿಸುವವರ ಹಾಗೆ ಸಾಕು ಸಾಕು ಅಂದರೂ ಸುರಿಯುವುದಿಲ್ಲ. ಲ್ಯಾಪ್‌ಟಾಪಿನ 65 ವ್ಯಾಟಿನ ಟೈಪ್ ಸಿ ಅಡಾಪ್ಟರಿನಲ್ಲಿ ಫೋನು ಧಾರಾಳವಾಗಿ ಚಾರ್ಜ್ ಮಾಡಬಹುದು.

ಹೆಜ್ಜೆ 3: ನಿಮ್ಮ ಫೋನಿಗೆ ಯಾವ ಪದ್ಧತಿ ಗೊತ್ತು?

ನಿಧಾನದ ಗುಟ್ಟು ಇಲ್ಲಿದೆ. ಫೋನುಗಳನ್ನು ಮೋಟಾಗಿ ಎರಡು ಬಗೆ ಮಾಡಬಹುದು.

ಐಫೋನ್, ಪಿಕ್ಸೆಲ್, ಸ್ಯಾಮ್‌ಸಂಗ್ ಮೊದಲಾದವು ವೇಗಕ್ಕೆ ಪಿಡಿಯನ್ನೇ ನಂಬಿವೆ. ಇವಕ್ಕೆ ಯಾವ ಒಳ್ಳೆಯ ಕಂಪನಿಯ ಪಿಡಿ ಅಡಾಪ್ಟರ್ ಆದರೂ ಆಗುತ್ತದೆ. ಸ್ಯಾಮ್‌ಸಂಗ್‌ನ 25, 45 ವ್ಯಾಟಿನ ಫೋನುಗಳಿಗೆ ಒಂದು ಷರತ್ತು: ಅಡಾಪ್ಟರಿನ ಮೇಲೆ ಪಿಪಿಎಸ್ ಅನ್ನುವ ಮೂರು ಅಕ್ಷರ ಇರಬೇಕು. ಇದು ಪಿಡಿಯದೇ ಒಂದು ಕವಲು. ಇದರಲ್ಲಿ ವೋಲ್ಟನ್ನು ಚೂರು ಚೂರಾಗಿ ಏರಿಸಿ ಇಳಿಸಬಹುದು. ಪಿಪಿಎಸ್ ಇಲ್ಲದ ಅಡಾಪ್ಟರಿನಲ್ಲೂ ಫೋನು ಚಾರ್ಜ್ ಆಗುತ್ತದೆ, ಆದರೆ ಪರದೆಯ ಮೇಲೆ ‘ಸೂಪರ್ ಫಾಸ್ಟ್’ ಅನ್ನುವ ಮಾತು ಬರುವುದಿಲ್ಲ.

ಇನ್ನೊಂದು ಬಗೆ ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್ ಥರದವು. ಇವರದು ಸೂಪರ್‌ವೂಕ್ ಅನ್ನುವ ಸ್ವಂತ ಪದ್ಧತಿ. ಅದೇ ಕಂಪನಿಯ ಅಡಾಪ್ಟರ್, ಅದಕ್ಕೆ ಒಪ್ಪುವ ಕೇಬಲ್ ಎರಡೂ ಇದ್ದರೆ ಮಾತ್ರ ಜಾಹೀರಾತಿನ ವೇಗ. ಬೇರೆ ಅಡಾಪ್ಟರಿಗೆ ಹಾಕಿದರೆ ವೇಗ ತುಂಬಾ ಇಳಿಯುತ್ತದೆ. ಇಂಥ ಫೋನು ನಿಮ್ಮದಾದರೆ ಪೆಟ್ಟಿಗೆಯಲ್ಲಿ ಬಂದ ಚಾರ್ಜರನ್ನು ಯಾರಿಗೂ ಕೊಡಬೇಡಿ. ಅದು ಹಾಳಾದಾಗ ಅದೇ ಕಂಪನಿಯದ್ದನ್ನೇ ತನ್ನಿ. ಯುರೋಪಿನ ಕಾನೂನು ಪಿಡಿಯನ್ನು ಕಡ್ಡಾಯ ಮಾಡಿದ ಮೇಲೆ ಈ ಅಂತರ ಕಡಿಮೆಯಾಗುತ್ತಿದೆ. ಹೊಸ ಫೋನು ಕೊಳ್ಳುವಾಗ ಅಂಗಡಿಯವರನ್ನು ‘ಎಷ್ಟು ವ್ಯಾಟ್’ ಅಂತ ಕೇಳುವುದರ ಜೊತೆಗೆ ‘ಪಿಡಿಯಲ್ಲಿ ಎಷ್ಟು ವ್ಯಾಟ್’ ಅಂತಲೂ ಕೇಳಿ. ಉತ್ತರ ಬರದಿದ್ದರೆ ಕಂಪನಿಯ ಜಾಲತಾಣದಲ್ಲಿ ಹುಡುಕಿ.

ಹೆಜ್ಜೆ 4: ಕೇಬಲನ್ನು ಅನುಮಾನಿಸಿ

ಚಾರ್ಜ್ ನಿಧಾನವಾದರೆ ಎಲ್ಲರೂ ಅಡಾಪ್ಟರನ್ನೋ ಬ್ಯಾಟರಿಯನ್ನೋ ಬೈಯುತ್ತಾರೆ. ಎಷ್ಟೋ ಸಲ ತಪ್ಪು ಕೇಬಲಿನದು.

ಎರಡೂ ತುದಿ ಸಿ ಇರುವ ಸಾಧಾರಣ ಕೇಬಲ್ 3 ಆಂಪ್ ಹೊರುತ್ತದೆ. 20 ವೋಲ್ಟಿಗೆ ಗುಣಿಸಿದರೆ 60 ವ್ಯಾಟ್, ಅದರ ಮೇಲೆ ಹೋಗುವುದಿಲ್ಲ. 65 ವ್ಯಾಟಿನ ಲ್ಯಾಪ್‌ಟಾಪಿಗೂ, ಸ್ಯಾಮ್‌ಸಂಗ್‌ನ 45 ವ್ಯಾಟಿನ ವೇಗಕ್ಕೂ 5 ಆಂಪ್ ಕೇಬಲೇ ಬೇಕು. ಅಂಥ ಕೇಬಲಿನ ತುದಿಯೊಳಗೆ ಒಂದು ಪುಟ್ಟ ಚಿಪ್ ಕೂತಿರುತ್ತದೆ. ‘ನಾನು 5 ಆಂಪ್ ತಡೆಯುತ್ತೇನೆ’ ಅಂತ ಅದು ಹೇಳದಿದ್ದರೆ ಅಡಾಪ್ಟರ್ 3 ಆಂಪಿನ ಮೇಲೆ ಬಿಡುವುದೇ ಇಲ್ಲ. ಕೊಳ್ಳುವಾಗ 100 ವ್ಯಾಟ್ ಅಥವಾ 240 ವ್ಯಾಟ್ ಅಂತ ಬರೆದಿರುವುದನ್ನು ನೋಡಿ ತೆಗೆದುಕೊಳ್ಳಿ. ಸ್ಯಾಮ್‌ಸಂಗ್‌ನ 45 ವ್ಯಾಟಿನಂಥ ಫೋನು ಬಿಟ್ಟು ಉಳಿದ ಪಿಡಿ ಫೋನಿಗಾದರೆ 60 ವ್ಯಾಟಿನದ್ದು ಸಾಕು, ಸುಮ್ನೆ ದುಡ್ಡು ಯಾಕೆ.

ಒಂದು ತುದಿ ಹಳೆ ಅಗಲ ಯುಎಸ್‌ಬಿ, ಇನ್ನೊಂದು ತುದಿ ಸಿ ಇರುವ ಕೇಬಲಿನಲ್ಲಿ ಪಿಡಿ ನಡೆಯುವುದಿಲ್ಲ. ಪಿಡಿಗೆ ಎರಡೂ ಕಡೆ ಸಿ ಇರಲೇಬೇಕು. (ಲೈಟ್ನಿಂಗ್ ಇರುವ ಹಳೆ ಐಫೋನಿಗೆ ಅಡಾಪ್ಟರ್ ಕಡೆ ಸಿ ಇದ್ದರೆ ಆಯಿತು.)

ಡೇಟಾ ವಿಚಾರ ಬೇರೆಯೇ ಕಥೆ. ಐಫೋನ್ 15ರ ಪೆಟ್ಟಿಗೆಯಲ್ಲಿ ಬಂದ ಸಿ ಕೇಬಲ್ ಚಾರ್ಜಿಗೆ ಚೆನ್ನಾಗಿದೆ, ಆದರೆ ಫೋಟೋ, ವಿಡಿಯೋ ಸಾಗಿಸುವುದು ಹಳೆ ಯುಎಸ್‌ಬಿ 2ರ ವೇಗದಲ್ಲೇ. ತುದಿ ನೋಡಿ ಕೇಬಲಿನ ಯೋಗ್ಯತೆ ಅಳೆಯಬೇಡಿ.

ಹೆಜ್ಜೆ 5: ಸಿ ತೂತಿದ್ದರೂ ಚಾರ್ಜ್ ಆಗದಿದ್ದರೆ

ಇದು ನನಗೆ ತುಂಬಾ ಕಿರಿಕಿರಿ ಮಾಡುವ ವಿಷಯ. ಅಗ್ಗದ ಟ್ರಿಮ್ಮರ್, ಟಾರ್ಚ್, ನೆಕ್‌ಬ್ಯಾಂಡ್‌ಗಳಲ್ಲಿ ಸಿ ತೂತು ಇರುತ್ತದೆ. ಹೊಸ ಪಿಡಿ ಅಡಾಪ್ಟರಿಗೆ, ಎರಡೂ ಕಡೆ ಸಿ ಇರುವ ಕೇಬಲ್ ಹಾಕಿ ಸಿಕ್ಕಿಸಿ. ಲೈಟೇ ಹತ್ತುವುದಿಲ್ಲ. ಸಾಮಾನು ಕೆಟ್ಟಿದೆ ಅಂತ ಜನ ವಾಪಸ್ ಕಳಿಸುತ್ತಾರೆ.

ಕೆಟ್ಟಿಲ್ಲ. ಟೈಪ್ ಸಿ ಅಡಾಪ್ಟರ್ ಇನ್ನೊಂದು ತುದಿಯಲ್ಲಿ ಯಾರಾದರೂ ಇದ್ದಾರೆ ಅಂತ ಗೊತ್ತಾಗುವ ತನಕ ಕರೆಂಟೇ ಬಿಡುವುದಿಲ್ಲ. ಅದಕ್ಕೆ ಗೊತ್ತು ಮಾಡಿಸಲು ಸಾಧನದ ಒಳಗೆ 5.1 ಕಿಲೋ ಓಮ್‌ನ ಎರಡು ಚಿಕ್ಕ ರೆಸಿಸ್ಟರ್ ಇರಬೇಕು. ಅವು ಪೈಸೆಗಳ ಲೆಕ್ಕದ ಬಿಡಿಭಾಗ. ಆ ಪೈಸೆ ಉಳಿಸಲು ತಯಾರಕರು ಅದನ್ನು ಹಾಕಿರುವುದಿಲ್ಲ. ಹಳೆ ಅಗಲ ಯುಎಸ್‌ಬಿ ಅಡಾಪ್ಟರ್ ಹೀಗೆಲ್ಲ ವಿಚಾರಿಸುವುದಿಲ್ಲ, ಸದಾ 5 ವೋಲ್ಟ್ ಕೊಡುತ್ತಾ ಇರುತ್ತದೆ. ಅದರಲ್ಲಿ ಅದೇ ಟ್ರಿಮ್ಮರ್ ಥಟ್ ಅಂತ ಚಾರ್ಜಿಗೆ ನಿಲ್ಲುತ್ತದೆ.

ಹಾಗಾಗಿ ಒಂದು ಹಳೆ ಅಗಲ ತೂತಿನ ಅಡಾಪ್ಟರ್, ಒಂದು ಅಗಲ-ಸಿ ಕೇಬಲ್ ಮನೆಯಲ್ಲಿ ಉಳಿಸಿಕೊಳ್ಳಿ. ಅಥವಾ ಹೊಸ ಅಡಾಪ್ಟರ್ ಕೊಳ್ಳುವಾಗ ಎರಡೂ ಬಗೆಯ ತೂತು ಇರುವುದನ್ನೇ ಆರಿಸಿ.

ಫೋನೇ ಚಾರ್ಜ್ ಆಗದಿದ್ದರೆ ಮೊದಲು ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಜೇಬಿನ ನೂಲು, ಧೂಳು ಒತ್ತಿ ಒತ್ತಿ ಗಟ್ಟಿ ಪದರವಾಗಿ ಕೂತಿರುತ್ತದೆ. ಆಗ ಪಿನ್ ಪೂರ್ತಿ ಒಳಗೆ ಹೋಗದೆ ಸಡಿಲವಾಗಿ ಅಲ್ಲಾಡುತ್ತದೆ. ಫೋನು ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಸೇಫ್ಟಿ ಪಿನ್ ಖಂಡಿತ ಬೇಡ. ಸಿ ತೂತಿನ ನಡುವೆ ತೆಳ್ಳಗಿನ ನಾಲಿಗೆ ಇದೆ, ಅದು ಮುರಿದರೆ ರಿಪೇರಿ ಖರ್ಚು ಖಾತ್ರಿ.

ಹೆಜ್ಜೆ 6: ಅಸಲಿಯೋ ನಕಲಿಯೋ ಪರೀಕ್ಷಿಸಿ

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ, ಊರಿನ ಸಂತೆಯಲ್ಲಾಗಲಿ ‘ಒರಿಜಿನಲ್’ ಅನ್ನುವ ಮಾತಿಗೆ ಬೆಲೆ ಇಲ್ಲ. ನೋಂದಣಿ ಸಂಖ್ಯೆಗೆ ಇದೆ.

ಅಡಾಪ್ಟರಿನ ಮೇಲೆ ಬಿಐಎಸ್ ಗುರುತು ಹುಡುಕಿ. ಅದರ ಹತ್ತಿರ ಐಎಸ್ 13252 ಥರದ ಮಾನಕದ ಸಂಖ್ಯೆ ಇರುತ್ತದೆ. ಇಂಗ್ಲಿಷಿನ ಆರ್ ಅಕ್ಷರ, ಒಂದು ಅಡ್ಡಗೆರೆ, ಆಮೇಲೆ ಎಂಟು ಅಂಕಿ ಇರುವ ನೋಂದಣಿ ಸಂಖ್ಯೆಯೂ ಇರುತ್ತದೆ. ಫೋನಿನಲ್ಲಿ ‘ಬಿಐಎಸ್ ಕೇರ್’ ಅನ್ನುವ ಸರ್ಕಾರಿ ಆ್ಯಪ್ ಹಾಕಿಕೊಳ್ಳಿ, ಉಚಿತ. ಅದರಲ್ಲಿ ಆರ್ ಸಂಖ್ಯೆ ಪರಿಶೀಲಿಸುವ ಜಾಗದಲ್ಲಿ ಈ ಅಂಕಿ ಹಾಕಿ. ತಯಾರಕರ ಹೆಸರು, ವಸ್ತು ಯಾವುದು, ನೋಂದಣಿ ಚಾಲ್ತಿಯಲ್ಲಿದೆಯೇ ಅನ್ನುವುದು ಬರುತ್ತದೆ. ಅಲ್ಲಿ ಬಂದ ಬ್ರ್ಯಾಂಡಿಗೂ ನಿಮ್ಮ ಕೈಯಲ್ಲಿರುವುದಕ್ಕೂ ತಾಳೆ ಇಲ್ಲದಿದ್ದರೆ ಬೇರೆಯವರ ಸಂಖ್ಯೆ ಕದ್ದು ಅಚ್ಚು ಹಾಕಿದ್ದಾರೆ ಅಂತ ಅನುಮಾನಿಸಿ. ಅಂಗಡಿಯಲ್ಲಿ ನಿಂತೇ ಇದನ್ನು ಮಾಡಬಹುದು, ಒಂದು ನಿಮಿಷದ ಕೆಲಸ. ಅಂಗಡಿಯವರು ಮುಖ ಸಿಂಡರಿಸಿದರೆ ಅದೂ ಒಂದು ಉತ್ತರವೇ.

ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅನ್ನಿಸಬಹುದು. ಅಡಾಪ್ಟರಿನ ಒಳಗೆ ಒಂದು ಕಡೆ ಗೋಡೆಯ 230 ವೋಲ್ಟ್, ಇನ್ನೊಂದು ಕಡೆ ನಿಮ್ಮ ಕೈಯಲ್ಲಿರುವ ಫೋನು. ನಡುವೆ ಇರುವುದು ಕೆಲವೇ ಮಿಲಿಮೀಟರ್ ಅಂತರ, ಟ್ರಾನ್ಸ್‌ಫಾರ್ಮರಿನ ತೆಳು ಹೊದಿಕೆ. ನಕಲಿ ಮಾಲಿನಲ್ಲಿ ಕೈ ಬಿಗಿ ಹಿಡಿಯುವುದು ಅಲ್ಲೇ. ಅಡಾಪ್ಟರ್ ಸುಟ್ಟ ವಾಸನೆ ಬಂದರೆ, ಕೈ ಇಡಲಾಗದಷ್ಟು ಕಾದರೆ, ಒಳಗಿನಿಂದ ಚಿರ್ ಅನ್ನುವ ಸದ್ದು ಬಂದರೆ ಅವತ್ತೇ ಬಿಡಿ. ಬಿಲ್ ಇದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬಿಐಎಸ್ ಕೇರ್ ಆ್ಯಪಿನಲ್ಲೂ ದೂರು ಹಾಕಲು ಜಾಗ ಇದೆ.

ಹೆಜ್ಜೆ 7: ಮನೆಗೆ ಎಷ್ಟು ಸಾಕು?

ಫೋನುಗಳು ಮಾತ್ರ ಇರುವ ಮನೆಗೆ 25ರಿಂದ 33 ವ್ಯಾಟಿನ ಪಿಡಿ, ಪಿಪಿಎಸ್ ಇರುವ ಅಡಾಪ್ಟರ್ ಒಂದೆರಡು ಸಾಕು. ಲ್ಯಾಪ್‌ಟಾಪ್ ಕೂಡ ಅದರಲ್ಲೇ ಆಗಬೇಕು ಅಂದರೆ 65 ವ್ಯಾಟ್. ಮೊದಲು ಲ್ಯಾಪ್‌ಟಾಪಿನ ಸಿ ತೂತು ಚಾರ್ಜ್ ತೆಗೆದುಕೊಳ್ಳುತ್ತದೆಯೇ ಅಂತ ನೋಡಿ. ಕೆಲವು ಮಾದರಿಗಳಲ್ಲಿ ಅದು ಡೇಟಾಕ್ಕೆ ಮಾತ್ರ.

ಎರಡು ಮೂರು ತೂತಿನ ಅಡಾಪ್ಟರಿನಲ್ಲಿ 65 ವ್ಯಾಟ್ ಅಂದರೆ ಎಲ್ಲ ತೂತು ಸೇರಿ. ಒಂದಕ್ಕೆ ಮಾತ್ರ ಹಾಕಿದರೆ 65 ಸಿಗುತ್ತದೆ. ಎರಡನೆಯದು ಸಿಕ್ಕಿಸಿದರೆ 45 ಮತ್ತು 20 ಅಂತ ಹಂಚಿಕೆಯಾಗುವುದು ಸಾಮಾನ್ಯ. ಈ ಹಂಚಿಕೆಯ ಪಟ್ಟಿಯೂ ಸಣ್ಣಕ್ಷರದಲ್ಲಿ ಇರುತ್ತದೆ. ಎರಡನೇ ಕೇಬಲ್ ಹಾಕಿದ ಕ್ಷಣ ಮೊದಲನೆಯದು ಒಮ್ಮೆ ನಿಂತು ಮತ್ತೆ ಶುರುವಾದರೆ ಗಾಬರಿ ಬೇಡ, ಹೊಸದಾಗಿ ಹಂಚಿಕೊಳ್ಳುತ್ತಿದೆ ಅಷ್ಟೇ.

ಹೊರದೇಶದಿಂದ ತರುವವರಿಗೆ, ತರಿಸುವವರಿಗೆ

ಸೌದಿ ಅರೇಬಿಯಾ ಕೂಡ 2025ರ ಜನವರಿ 1ರಿಂದ ಫೋನು ಮತ್ತಿತರ ಸಾಧನಗಳಿಗೆ ಟೈಪ್ ಸಿ ಕಡ್ಡಾಯ ಮಾಡಿದೆ. ಮಂಗಳೂರು, ಭಟ್ಕಳ ಕಡೆಯ ಎಷ್ಟೋ ಮನೆಗಳಿಗೆ ಅಲ್ಲಿಂದಲೇ ಫೋನು ಬರುತ್ತದೆ. ಹೊಸ ಮಾದರಿಯಾದರೆ ತೂತಿನ ಚಿಂತೆ ಇಲ್ಲ, ಪಿನ್ನಿನ ಚಿಂತೆ ಇದೆ. ಸೌದಿಯ ಅಡಾಪ್ಟರಿಗೆ ಮೂರು ಚೌಕ ಪಿನ್, ಅಮೆರಿಕದ್ದಕ್ಕೆ ಎರಡು ಚಪ್ಪಟೆ ಪಿನ್. ಯುರೋಪಿನ ಎರಡು ದುಂಡು ಪಿನ್ ನಮ್ಮ ಸಾಕೆಟ್ಟಿಗೆ ಹೋಗುತ್ತದೆ, ಕೆಲವು ಕಡೆ ಸಡಿಲವಾಗಿ ಕಿಡಿ ಹಾರುತ್ತದೆ. ಇನ್‌ಪುಟ್ ಸಾಲಿನಲ್ಲಿ 100-240 ವೋಲ್ಟ್ ಇದ್ದರೆ ವೋಲ್ಟೇಜಿನ ತೊಂದರೆ ಇಲ್ಲ. ನನ್ನ ಸಲಹೆ ಕೇಳಿದರೆ ಫೋನು ಮಾತ್ರ ತರಿಸಿ, ಅಡಾಪ್ಟರ್ ಇಲ್ಲೇ ಬಿಐಎಸ್ ಸಂಖ್ಯೆ ನೋಡಿ ಕೊಳ್ಳಿ. ಜರ್ಮನಿ, ನೆದರ್‌ಲ್ಯಾಂಡ್ಸ್‌ನಲ್ಲಿ ಇರುವವರು ಹೊಸ ಫೋನು ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಚಾರ್ಜರಿನ ಚಿತ್ರಕ್ಕೆ ಗೀಟು ಹಾಕಿದೆಯಾ ನೋಡಿ. ಗೀಟು ಇದ್ದರೆ ಒಳಗೆ ಚಾರ್ಜರ್ ಇಲ್ಲ.

ಯುರೋಪಿನವರು ಈಗ ಅಡಾಪ್ಟರಿನ ಬೆನ್ನಿಗೂ ಬಿದ್ದಿದ್ದಾರೆ. 2025ರಲ್ಲಿ ಒಪ್ಪಿಗೆಯಾದ ಇನ್ನೊಂದು ನಿಯಮದ ಪ್ರಕಾರ 2028ರ ಕೊನೆಯಿಂದ ಅಲ್ಲಿ ಮಾರುವ ಯುಎಸ್‌ಬಿ ಅಡಾಪ್ಟರಿನಲ್ಲೂ ಸಿ ತೂತು ಇರಬೇಕು, ಕೇಬಲ್ ಬಿಚ್ಚಲು ಬರಬೇಕು. ಅಲ್ಲಿಗೆ ಎರಡೂ ತುದಿ ಒಂದಾದ ಹಾಗೆ.

ಉಳಿದದ್ದನ್ನು ಏನು ಮಾಡುವುದು?

ಮೇಜಿನ ಮೇಲೆ ಸುರಿದ ರಾಶಿಯಲ್ಲಿ ಅರ್ಧ ಬೇಡವಾಗಿರುತ್ತದೆ. ಬಿಸಾಡಿದ, ಬಳಸದ ಚಾರ್ಜರುಗಳಿಂದಲೇ ವರ್ಷಕ್ಕೆ 11,000 ಟನ್ ಇ-ಕಸ ಆಗುತ್ತದೆ ಅನ್ನುವುದು ಯುರೋಪಿನ ಲೆಕ್ಕ. ಅಲ್ಲಿ ಕಾನೂನು ತರಲು ಮುಂದಿಟ್ಟ ಕಾರಣಗಳಲ್ಲಿ ಇದೂ ಒಂದು.

ಕೇಬಲನ್ನು ಹಸಿ ಕಸಕ್ಕೋ ಗುಜರಿಗೋ ಹಾಕಬೇಡಿ. ಗುಜರಿಗೆ ಹೋದ ವೈರನ್ನು ತಾಮ್ರಕ್ಕಾಗಿ ಬಯಲಲ್ಲಿ ಸುಡುತ್ತಾರೆ, ಆ ಪಿವಿಸಿ ಹೊಗೆ ವಿಷ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ಕಸದ ಮರುಬಳಕೆಯ ಹೊಣೆ ತಯಾರಕ ಕಂಪನಿಗಳದ್ದು. ನಿಮ್ಮ ಫೋನಿನ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹಳೆಯದನ್ನು ತೆಗೆದುಕೊಳ್ಳುತ್ತಾರಾ ಅಂತ ಕೇಳಿ. ಇಲ್ಲದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ಕಸದವರಿಗೆ ಕೊಡಿ. ಅಪಾರ್ಟ್‌ಮೆಂಟಿನವರು ಒಂದು ಡಬ್ಬ ಇಟ್ಟು, ತುಂಬಿದ ಮೇಲೆ ಕರೆದರೆ ಬಂದು ಒಯ್ಯುವವರು ಬೆಂಗಳೂರಿನಲ್ಲಿ ಇದ್ದಾರೆ.

ಎಲ್ಲವನ್ನೂ ಒಂದೇ ಸಲ ಕಳಿಸಿಬಿಡಬೇಡಿ. ಚೆನ್ನಾಗಿರುವ ಮೈಕ್ರೋ ಯುಎಸ್‌ಬಿ ಕೇಬಲ್ ಎರಡು ಎತ್ತಿಡಿ. ಅಪ್ಪನ ಬಟನ್ ಫೋನಿಗೆ ಅದು ಇನ್ನೂ ಕೆಲವು ವರ್ಷ ಬೇಕು.